ವಿಶ್ವವಿದ್ಯಾಲಯದ ಓದಿಗೆ ವಿದ್ಯಾರ್ಥಿವೇತನ: ಎಲ್ಲಿ ಹುಡುಕಬೇಕು, ಹೇಗೆ ಸೋಸಬೇಕು

ಅಂಕ ಕಡಿಮೆ ಇದ್ದುದರಿಂದಲೇ ಸ್ಕಾಲರ್‌ಶಿಪ್ ಕೈತಪ್ಪಿತು ಎಂದುಕೊಳ್ಳುವವರು ಬಹಳ. ಆದರೆ ಮೊದಲ ಸುತ್ತಿನಲ್ಲೇ ಬದಿಗೆ ಸರಿಯುವ ಅರ್ಜಿಗಳನ್ನು ನೋಡಿದರೆ ಕಾರಣ ಬೇರೆಯೇ ಇರುತ್ತದೆ. ಅರ್ಹತೆಯ ಒಂದು ಸಾಲು ಓದದೆ ಹಾಕಿರುತ್ತಾರೆ, ಒಂದು ದಾಖಲೆ ಬಿಟ್ಟಿರುತ್ತಾರೆ, ಇಲ್ಲವೇ ಶಿಫಾರಸು ಪತ್ರ ಗಡುವು ದಾಟಿ ಬಂದಿರುತ್ತದೆ. ಇವೆಲ್ಲ ನಮ್ಮ ಕೈಯಲ್ಲೇ ಇರುವ ಸಂಗತಿಗಳು. ನೂರು ಹೆಸರುಗಳ ಪಟ್ಟಿ ಇಂಟರ್ನೆಟ್‌ನಲ್ಲಿ ಧಾರಾಳವಾಗಿ ಸಿಗುತ್ತದೆ. ಅದರಲ್ಲಿ ನಿಮಗೆ ಹೊಂದುವ ಏಳೆಂಟನ್ನು ಆರಿಸಿ, ಅಷ್ಟಕ್ಕೂ ಗಟ್ಟಿಯಾದ ಅರ್ಜಿ ಹಾಕುವುದೇ ನಿಜವಾದ ಕೆಲಸ.

ಮೊದಲು ಕೊರತೆಯ ಲೆಕ್ಕ

ಎಷ್ಟು ದುಡ್ಡು ಬೇಕು ಎಂದು ಗೊತ್ತಿಲ್ಲದೆ ಹುಡುಕಲು ಕೂರಬೇಡಿ. ಒಂದು ಹಾಳೆಯಲ್ಲಿ ಒಂದು ವರ್ಷದ ಖರ್ಚನ್ನು ಸಾಲಾಗಿ ಬರೆಯಿರಿ: ಬೋಧನಾ ಶುಲ್ಕ, ಪರೀಕ್ಷೆ ಮತ್ತು ನೋಂದಣಿಯಂಥ ಬಿಡಿ ಶುಲ್ಕಗಳು, ವಸತಿ, ಊಟ, ಪುಸ್ತಕ, ಆರೋಗ್ಯ ವಿಮೆ, ಓಡಾಟ. ಬೇರೆ ದೇಶವಾದರೆ ವೀಸಾ, ವಿಮಾನದ ಟಿಕೆಟ್ಟು, ಭಾಷಾ ಪರೀಕ್ಷೆಯ ಶುಲ್ಕವೂ ಸೇರುತ್ತದೆ. ಹೆಚ್ಚಿನ ವಿಶ್ವವಿದ್ಯಾಲಯಗಳು ಈ ಅಂದಾಜನ್ನು ತಮ್ಮ ವೆಬ್‌ಸೈಟಿನಲ್ಲೇ ಕೊಟ್ಟಿರುತ್ತವೆ. ಒಟ್ಟು ಮೊತ್ತದಿಂದ ಮನೆಯವರು ಕೊಡಬಲ್ಲದ್ದನ್ನು ಕಳೆಯಿರಿ. ಉಳಿದದ್ದು ನಿಮ್ಮ ಕೊರತೆ. ಅದನ್ನು ಕೋರ್ಸಿನ ವರ್ಷಗಳಿಂದ ಗುಣಿಸುವುದನ್ನು ಮರೆಯಬೇಡಿ. ಮೊದಲ ವರ್ಷಕ್ಕೆ ಮಾತ್ರ ಸಿಗುವ ನೆರವನ್ನು ನಂಬಿ ಸೇರಿದವರು ಎರಡನೇ ವರ್ಷದ ಶುಲ್ಕದ ಹೊತ್ತಿಗೆ ಕಂಗಾಲಾಗುತ್ತಾರೆ.

ಈ ಹಾಳೆ ಕೈಯಲ್ಲಿದ್ದರೆ ‘ಫುಲ್ ಸ್ಕಾಲರ್‌ಶಿಪ್’ ಎಂಬ ಮಾತಿಗೆ ಮೋಸಹೋಗುವುದಿಲ್ಲ. ಎಷ್ಟೋ ಕಡೆ ಅದರ ಅರ್ಥ ಬೋಧನಾ ಶುಲ್ಕ ಮನ್ನಾ ಎಂದಷ್ಟೆ, ಊಟ ವಸತಿ ನಿಮ್ಮದೇ. ಯುರೋಪಿನ ಎರಾಸ್ಮಸ್ ಮುಂಡಸ್ ಜಂಟಿ ಸ್ನಾತಕೋತ್ತರ ವಿದ್ಯಾರ್ಥಿವೇತನ ಪಡೆದವರು ಬೋಧನಾ ಶುಲ್ಕ ಕಟ್ಟಬೇಕಿಲ್ಲ, ತಿಂಗಳಿಗೆ 1,400 ಯೂರೋ ಹೆಚ್ಚೆಂದರೆ 24 ತಿಂಗಳು ಸಿಗುತ್ತದೆ. ಪ್ರಯಾಣ, ವೀಸಾ ಎಲ್ಲವನ್ನೂ ಅದರಲ್ಲೇ ಸರಿದೂಗಿಸಬೇಕು. ಜಪಾನ್ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನದಲ್ಲಿ ಶುಲ್ಕ ಮತ್ತು ತಿಂಗಳ ಭತ್ಯೆಯ ಜೊತೆಗೆ ಹೋಗಿಬರುವ ವಿಮಾನದ ಟಿಕೆಟ್ಟೂ ಬರುತ್ತದೆ. ಎರಡನ್ನೂ ಪೂರ್ಣ ನೆರವು ಎಂದೇ ಕರೆಯುತ್ತಾರೆ, ಆದರೆ ನಿಮ್ಮ ಹಾಳೆಯಲ್ಲಿ ಇವು ಬೇರೆ ಬೇರೆ ಅಂಕಿಗಳಾಗಿ ಕೂರುತ್ತವೆ.

ಇನ್ನೊಂದು ದಾರಿಯನ್ನು ಬಹಳ ಮಂದಿ ಗಮನಿಸುವುದೇ ಇಲ್ಲ. ಶುಲ್ಕವೇ ಇಲ್ಲದ, ಅಥವಾ ತೀರಾ ಕಡಿಮೆ ಇರುವ ಕಡೆ ಓದುವುದು. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೊರದೇಶದವರಿಗೂ ಬೋಧನಾ ಶುಲ್ಕ ಇಲ್ಲ, ಸೆಮಿಸ್ಟರ್‌ಗೊಮ್ಮೆ ಸಣ್ಣ ಮೊತ್ತ ಕಟ್ಟಿದರೆ ಸಾಕು. ಅಪವಾದಗಳೂ ಇವೆ: ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೋ ತೆಗೆದುಕೊಳ್ಳುತ್ತಿದೆ, ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಶುರುಮಾಡಿತು. ನಾರ್ವೆ 2023ರವರೆಗೆ ಎಲ್ಲರಿಗೂ ಉಚಿತವಾಗಿತ್ತು, ಈಗಿಲ್ಲ. ಹಳೆಯ ಲೇಖನ ನಂಬಿ ಯೋಜನೆ ಹಾಕಿದವರಿಗೆ ಪೆಟ್ಟು ಬೀಳುವುದು ಇಲ್ಲೇ. ಶುಲ್ಕವಿಲ್ಲ ಎಂದರೆ ಖರ್ಚೂ ಇಲ್ಲ ಎಂದಲ್ಲ. ಜರ್ಮನಿಯ ವೀಸಾಕ್ಕೆ ಒಂದು ವರ್ಷದ ಬದುಕಿನ ಖರ್ಚಿಗೆ ದುಡ್ಡಿದೆ ಎಂದು ತೋರಿಸಬೇಕು. ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಎಂದು ತೆಗೆಯಬಹುದಾದ ಖಾತೆಯಲ್ಲಿ, ಇಡುವ ಈ ಮೊತ್ತ 2024ರ ಸೆಪ್ಟೆಂಬರ್‌ನಿಂದ 11,904 ಯೂರೋ ಆಯಿತು. ಹಾಗಾಗಿ ಅಲ್ಲಿಗೆ ಹೋಗುವವರು ಬದುಕಿನ ಖರ್ಚು ಕೊಡುವ ವಿದ್ಯಾರ್ಥಿವೇತನವನ್ನು ಹುಡುಕಬೇಕು, ಶುಲ್ಕ ಮನ್ನಾದ್ದನ್ನಲ್ಲ.

ಹುಡುಕುವ ಕ್ರಮ

ದೊಡ್ಡ ಹೆಸರುಗಳಿಂದ ಶುರುಮಾಡುವುದು ಎಲ್ಲರ ಅಭ್ಯಾಸ. ಆಕ್ಸ್‌ಫರ್ಡ್‌ನ ರೋಡ್ಸ್, ಅಮೆರಿಕದ ಫುಲ್‌ಬ್ರೈಟ್, ಬ್ರಿಟನ್ ಸರ್ಕಾರದ ಚೀವ್ನಿಂಗ್, ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಗೇಟ್ಸ್ ಕೇಂಬ್ರಿಡ್ಜ್ ಎಲ್ಲರ ಬಾಯಲ್ಲಿವೆ. ಅರ್ಹತೆ ಇದ್ದರೆ ಖಂಡಿತ ಹಾಕಿ. ಆದರೆ ಗೇಟ್ಸ್ ಕೇಂಬ್ರಿಡ್ಜ್ ವರ್ಷಕ್ಕೆ ಸುಮಾರು 80 ಮಂದಿಯನ್ನು ಆರಿಸುತ್ತದೆ, ಅದೂ ಬ್ರಿಟನ್ ಬಿಟ್ಟು ಇಡೀ ಜಗತ್ತಿನಿಂದ. ಅಂಥ ಒಂದೇ ಒಂದರ ಮೇಲೆ ವರ್ಷವನ್ನು ಪಣಕ್ಕಿಡುವುದು ಬುದ್ಧಿವಂತಿಕೆಯಲ್ಲ.

ಶುರುಮಾಡಬೇಕಾದದ್ದು ನೀವು ಸೇರಬೇಕೆಂದಿರುವ ವಿಶ್ವವಿದ್ಯಾಲಯದಿಂದಲೇ. ಅಲ್ಲಿ ಮೂರು ಪುಟಗಳನ್ನು ಬೇರೆಬೇರೆಯಾಗಿ ನೋಡಿ: ಇಡೀ ವಿಶ್ವವಿದ್ಯಾಲಯದ ನೆರವಿನ ಪುಟ, ನಿಮ್ಮ ವಿಭಾಗದ ಪುಟ, ಹೊರದೇಶದ ವಿದ್ಯಾರ್ಥಿಗಳ ಕಚೇರಿಯ ಪುಟ. ವಿಭಾಗದ ಪುಟದಲ್ಲಿರುವ ಸಣ್ಣ ದತ್ತಿನಿಧಿಗಳು ಮೊದಲ ಪುಟದಲ್ಲಿ ಕಾಣಿಸದೇ ಇರುವುದು ಸಾಮಾನ್ಯ. ಪ್ರವೇಶದ ಅರ್ಜಿಯ ಜೊತೆಗೇ ತಾನಾಗಿ ಪರಿಗಣಿಸುವ ನೆರವು ಯಾವುದು, ಬೇರೆ ಅರ್ಜಿ ಹಾಕಬೇಕಾದದ್ದು ಯಾವುದು ಎಂಬುದನ್ನು ಗುರುತುಮಾಡಿಕೊಳ್ಳಿ. ತಾನಾಗಿ ಸಿಗುವಂಥದಕ್ಕೆ ಪ್ರವೇಶದ ಮೊದಲ ಸುತ್ತಿನಲ್ಲೇ ಅರ್ಜಿ ಹಾಕಿದವರಿಗೆ ಆದ್ಯತೆ ಇರುವುದುಂಟು.

ಅಮೆರಿಕದ ಪದವಿ ಕೋರ್ಸುಗಳಿಗೆ ಒಂದು ವಿಶೇಷವಿದೆ. ಕುಟುಂಬದ ಆರ್ಥಿಕ ಸ್ಥಿತಿ ನೋಡದೆ ಪ್ರವೇಶ ತೀರ್ಮಾನಿಸಿ, ಆಮೇಲೆ ಅಗತ್ಯವಿದ್ದಷ್ಟನ್ನು ತುಂಬಿಕೊಡುವ ಪದ್ಧತಿ ಕೆಲವು ಕಡೆ ಇದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್, ಡಾರ್ಟ್‌ಮತ್ ಇದನ್ನು ಹೊರದೇಶದವರಿಗೂ ಅನ್ವಯಿಸುತ್ತವೆ. ಉಳಿದ ಬಹುತೇಕ ಕಡೆ ಹೊರದೇಶದವರು ನೆರವು ಕೇಳಿದರೆ ಅದು ಪ್ರವೇಶದ ಮೇಲೂ ಪರಿಣಾಮ ಬೀರಬಹುದು. ಹಾಗೆಂದು ಮೊದಲು ಬೇಡವೆಂದು ಹೇಳಿ, ಸೇರಿದ ಮೇಲೆ ಕೇಳೋಣ ಎಂಬ ಉಪಾಯ ಮಾಡಬೇಡಿ. ಮೊದಲ ವರ್ಷ ಕೇಳದವರಿಗೆ ಮುಂದೆಯೂ ಕೊಡುವುದಿಲ್ಲ ಎಂಬ ನಿಯಮ ಹಲವು ಕಾಲೇಜುಗಳಲ್ಲಿದೆ.

ಪಿಎಚ್‌ಡಿ ಮಾಡುವವರ ಹುಡುಕಾಟವೇ ಬೇರೆ. ಅಮೆರಿಕದಲ್ಲಿ ಬೋಧನೆ ಅಥವಾ ಸಂಶೋಧನೆಯ ಸಹಾಯಕ ಹುದ್ದೆ ಸಿಕ್ಕರೆ ಸಾಮಾನ್ಯವಾಗಿ ಶುಲ್ಕ ಮನ್ನಾ ಆಗಿ ತಿಂಗಳ ಸಂಬಳವೂ ಬರುತ್ತದೆ. ನೆದರ್ಲೆಂಡ್ಸ್, ಸ್ವೀಡನ್, ಡೆನ್ಮಾರ್ಕ್‌ಗಳಲ್ಲಿ ಪಿಎಚ್‌ಡಿ ಎಂದರೆ ಬಹುಮಟ್ಟಿಗೆ ಒಂದು ನೌಕರಿ. ಅದನ್ನು ‘ವಿದ್ಯಾರ್ಥಿವೇತನ’ ಎಂದು ಹುಡುಕಿದರೆ ಸಿಗದು, ‘ಖಾಲಿ ಹುದ್ದೆ’ ಎಂದು ಹುಡುಕಬೇಕು. ವಿಶ್ವವಿದ್ಯಾಲಯಗಳ ಉದ್ಯೋಗದ ಪುಟ ಮತ್ತು ಯುರೋಪಿನ ಯೂರಾಕ್ಸೆಸ್ ಪೋರ್ಟಲ್ ಇದಕ್ಕೆ ಸರಿಯಾದ ಜಾಗ.

ವಿಶ್ವವಿದ್ಯಾಲಯದ ನಂತರ ಸರ್ಕಾರಗಳು: ನಿಮ್ಮದೂ, ಹೋಗುವ ದೇಶದ್ದೂ. ಎರಡನೆಯದನ್ನು ಆ ದೇಶದ ರಾಯಭಾರ ಕಚೇರಿಯ ವೆಬ್‌ಸೈಟಿನಲ್ಲಿ ನೋಡಿ. ಹೊರದೇಶದ ವಿದ್ಯಾರ್ಥಿಗಳಿಗೆ ನೆರವಾಗುವ ಸಂಸ್ಥೆಗಳಾದ ಜರ್ಮನಿಯ ಡಿಎಎಡಿ, ಫ್ರಾನ್ಸಿನ ಕ್ಯಾಂಪಸ್ ಫ್ರಾನ್ಸ್ ತಮ್ಮದೇ ಡೇಟಾಬೇಸ್ ಇಟ್ಟಿವೆ. ದೇಶ, ವಿಷಯ, ಪದವಿಯ ಹಂತ ಆರಿಸಿದರೆ ಪಟ್ಟಿ ಸೋಸಿಕೊಡುತ್ತವೆ. ಬೇರೆಯವರ ನಿಧಿಗಳೂ ಅದರಲ್ಲಿ ಬರುವುದರಿಂದ ಅರ್ಧ ದಿನ ಕೂತು ನೋಡುವುದು ಲಾಭ.

ಕೊನೆಗೆ, ಜನ ಕಡಿಮೆ ನುಗ್ಗುವ ಕಡೆ: ತಂದೆತಾಯಿ ಕೆಲಸ ಮಾಡುವ ಸಂಸ್ಥೆ, ಕಾರ್ಮಿಕ ಸಂಘ, ಬ್ಯಾಂಕು, ಸಹಕಾರ ಸಂಘ, ಓದಿದ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘ, ಸಮುದಾಯದ ದತ್ತಿಗಳು, ನಿಮ್ಮ ವಿಷಯದ ವೃತ್ತಿಪರ ಸಂಘಗಳು. ಮೊತ್ತ ಸಣ್ಣದು. ಆದರೆ ಅರ್ಹರ ಗುಂಪೂ ಸಣ್ಣದು, ಅರ್ಜಿಯೂ ಎರಡು ಪುಟದ್ದು. ನಮ್ಮನ್ನು ಕೇಳಿದರೆ, ದೊಡ್ಡದು ಎರಡು, ವಿಶ್ವವಿದ್ಯಾಲಯದ್ದು ಮೂರು, ಸಣ್ಣದು ಮೂರು ಎಂಬ ಹಂಚಿಕೆ ಇರಲಿ.

ಗೂಗಲ್‌ನಲ್ಲಿ ಹುಡುಕುವಾಗ ಪದವಿಯ ಹಂತ, ವಿಷಯ, ನಿಮ್ಮ ದೇಶ, ಸೇರುವ ವರ್ಷ ನಾಲ್ಕನ್ನೂ ಹಾಕಿ. ‘ಸೈಟ್’ ಎಂದು ಇಂಗ್ಲಿಷಿನಲ್ಲಿ ಬರೆದು, ಕೋಲನ್ ಹಾಕಿ, ವಿಶ್ವವಿದ್ಯಾಲಯದ ವೆಬ್ ವಿಳಾಸ ಸೇರಿಸಿದರೆ ಆ ತಾಣದೊಳಗಿನ ಪುಟಗಳಷ್ಟೇ ಬರುತ್ತವೆ. ಪಟ್ಟಿ ಕೊಡುವ ಖಾಸಗಿ ತಾಣಗಳನ್ನು ಹೆಸರು ತಿಳಿಯಲಷ್ಟೇ ಬಳಸಿ. ದಿನಾಂಕ ಮತ್ತು ಷರತ್ತಿಗೆ ಮೂಲ ಪುಟವೇ ಗತಿ. ಹೋದ ವರ್ಷದ ಗಡುವನ್ನೇ ವರ್ಷ ಬದಲಿಸಿ ಹಾಕಿರುವ ತಾಣಗಳು ಸಾಕಷ್ಟಿವೆ.

ಸೋಸುವುದು

ಒಂದು ಸ್ಪ್ರೆಡ್‌ಶೀಟ್ ತೆರೆಯಿರಿ. ಹೆಸರು, ಮೂಲ ಪುಟದ ಕೊಂಡಿ, ಏನೇನು ಭರಿಸುತ್ತದೆ, ಎಷ್ಟು ವರ್ಷ, ಗಡುವು (ಗಂಟೆ ಮತ್ತು ಸಮಯವಲಯ ಸಹಿತ), ಬೇಕಾದ ದಾಖಲೆ, ಶಿಫಾರಸು ಎಷ್ಟು, ಮುಗಿದ ಮೇಲಿನ ಷರತ್ತು, ಈಗಿನ ಸ್ಥಿತಿ. ಇಷ್ಟು ಕಾಲಂ ಸಾಕು.

ಅರ್ಹತೆಯ ಭಾಗವನ್ನು ಪೆನ್ಸಿಲ್ ಹಿಡಿದು ಓದಿ. ‘ಕಡ್ಡಾಯ’ ಎಂದಿರುವುದರಲ್ಲಿ ಒಂದು ತಪ್ಪಿದರೂ ಆ ಸಾಲನ್ನು ಅಳಿಸಿಹಾಕಿ. ‘ಆದ್ಯತೆ’ ಎಂದಿರುವುದರಲ್ಲಿ ಕೆಲವು ಇಲ್ಲದಿದ್ದರೂ ಹಾಕಬಹುದು. ಜನ ಎಡವುವುದು ಇಂಥ ಕಡೆ: ಚೀವ್ನಿಂಗ್‌ಗೆ ಕನಿಷ್ಠ 2,800 ಗಂಟೆಯ, ಅಂದರೆ ಎರಡು ವರ್ಷದಷ್ಟು ಕೆಲಸದ ಅನುಭವ ಬೇಕು, ಬೇರೆಬೇರೆ ಮೂರು ಕೋರ್ಸುಗಳನ್ನು ಆರಿಸಬೇಕು. ಡಿಎಎಡಿಯ ಹಲವು ಯೋಜನೆಗಳಲ್ಲಿ ಕೊನೆಯ ಪದವಿ ಪಡೆದು ಆರು ವರ್ಷಕ್ಕಿಂತ ಹೆಚ್ಚಾಗಿರಬಾರದು. ವಯಸ್ಸಿನ ಮಿತಿ ಇದ್ದರೆ ಅದನ್ನು ಯಾವ ದಿನಾಂಕಕ್ಕೆ ಲೆಕ್ಕಹಾಕುತ್ತಾರೆ ಎಂದು ನೋಡಿ. ಅರ್ಜಿಯ ದಿನಕ್ಕೋ, ಕೋರ್ಸು ಶುರುವಾಗುವ ದಿನಕ್ಕೋ ಎಂಬುದರ ಮೇಲೆ ಅರ್ಹತೆಯೇ ತಿರುಗುಮುರುಗಾಗಬಹುದು.

ಅನುಮಾನವಿದ್ದರೆ ಕೇಳಿ, ಆದರೆ ಉತ್ತರಿಸಲು ಸುಲಭವಾಗುವಂತೆ ಕೇಳಿ. ‘ನನಗೆ ಯಾವ ಸ್ಕಾಲರ್‌ಶಿಪ್ ಸಿಗುತ್ತದೆ?’ ಎಂಬ ಮೇಲ್‌ಗೆ ಒಂದು ಕೊಂಡಿ ಬಂದೀತು, ಅಷ್ಟೆ. ಹೀಗೆ ಬರೆದು ನೋಡಿ: ‘ನಾನು ಸೆಪ್ಟೆಂಬರ್‌ನಲ್ಲಿ ಶುರುವಾಗುವ ಪರಿಸರ ವಿಜ್ಞಾನದ ಸ್ನಾತಕೋತ್ತರ ಕೋರ್ಸಿಗೆ ಅರ್ಜಿ ಹಾಕುತ್ತಿದ್ದೇನೆ. ನಿಮ್ಮ ಪುಟದಲ್ಲಿರುವ ವಿಭಾಗೀಯ ವಿದ್ಯಾರ್ಥಿವೇತನಕ್ಕೆ ಪ್ರವೇಶ ಪತ್ರ ಮೊದಲೇ ಕೈಯಲ್ಲಿರಬೇಕೇ, ಅಥವಾ ಅರ್ಜಿ ಸಂಖ್ಯೆ ಸಾಕೇ? ಇದು ಬೇರೆ ನೆರವಿನ ಜೊತೆ ಸೇರಬಹುದೇ?’ ಒಂದು ನಿಮಿಷದಲ್ಲಿ ಉತ್ತರಿಸಬಹುದಾದ ಪ್ರಶ್ನೆಗೆ ಉತ್ತರ ಬೇಗ ಬರುತ್ತದೆ.

ಕ್ಯಾಲೆಂಡರ್

ಕೋರ್ಸು ಶುರುವಾಗುವುದಕ್ಕೆ ಹನ್ನೆರಡರಿಂದ ಹದಿನೆಂಟು ತಿಂಗಳು ಮೊದಲೇ ಕೈಹಚ್ಚಬೇಕು. ಇದು ಅತಿ ಎನಿಸಿದರೆ ಈ ದಿನಾಂಕಗಳನ್ನು ನೋಡಿ. ಚೀವ್ನಿಂಗ್ ಆಗಸ್ಟ್‌ನಲ್ಲಿ ತೆರೆದುಕೊಳ್ಳುವುದು ಮುಂದಿನ ವರ್ಷದ ಸೆಪ್ಟೆಂಬರ್‌ನ ಕೋರ್ಸಿಗೆ. ಎರಾಸ್ಮಸ್ ಮುಂಡಸ್ ಕೋರ್ಸುಗಳು ಹೆಚ್ಚಾಗಿ ಅಕ್ಟೋಬರ್‌ನಿಂದ ಜನವರಿಯೊಳಗೆ ಅರ್ಜಿ ತೆಗೆದುಕೊಳ್ಳುತ್ತವೆ. ಮೆಕ್ಸ್ಟ್ ರಾಯಭಾರ ಕಚೇರಿಯ ಮೂಲಕವಾದರೆ ಏಪ್ರಿಲ್ ಹೊತ್ತಿಗೆ ಶುರುವಾಗುತ್ತದೆ, ಹೊರಡುವುದು ಮರು ವರ್ಷ. ಪ್ರವೇಶ ಸಿಕ್ಕ ಮೇಲೆ ಸ್ಕಾಲರ್‌ಶಿಪ್ ನೋಡೋಣ ಎಂದು ಕೂತವರಿಗೆ ಪ್ರವೇಶ ಪತ್ರ ಬರುವಷ್ಟರಲ್ಲಿ ಎಲ್ಲ ಬಾಗಿಲೂ ಮುಚ್ಚಿರುತ್ತವೆ. ಎರಡೂ ಜೊತೆಜೊತೆಯಾಗಿ ನಡೆಯಬೇಕು.

ಗಡುವಿನ ಗಂಟೆ ಯಾವ ದೇಶದ್ದು ಎಂದು ನೋಡಿ, ನಿಮ್ಮ ಗಂಟೆಗೆ ಬದಲಿಸಿ ಶೀಟಿನಲ್ಲಿ ಬರೆದಿಡಿ. ‘ಮಧ್ಯಾಹ್ನ 12’ ಎಂಬುದನ್ನು ಮಧ್ಯರಾತ್ರಿ ಎಂದು ಓದಿಕೊಂಡವರೂ ಇದ್ದಾರೆ. ನಿಮ್ಮ ಗಡುವು ಅವರ ಗಡುವಿಗಿಂತ ಮೂರು ದಿನ ಮೊದಲು ಇರಲಿ. ಕೊನೆಯ ಗಂಟೆಗಳಲ್ಲಿ ಪೋರ್ಟಲ್ ಕೈಕೊಡುವುದು ಹೊಸ ಸುದ್ದಿಯೇನಲ್ಲ.

ದಾಖಲೆಗಳು

ಮೊದಲು ಹೆಸರು. ಅಂಕಪಟ್ಟಿ, ಪಾಸ್‌ಪೋರ್ಟ್, ಆದಾಯ ಪ್ರಮಾಣಪತ್ರ, ಬ್ಯಾಂಕ್ ಖಾತೆ ಎಲ್ಲದರಲ್ಲೂ ಹೆಸರಿನ ಅಕ್ಷರ, ಇನಿಷಿಯಲ್ ಒಂದೇ ಇವೆಯೇ ನೋಡಿ. ಇಲ್ಲದಿದ್ದರೆ ತಿದ್ದುಪಡಿಗೆ ತಿಂಗಳುಗಳೇ ಬೇಕು. ಅಷ್ಟು ಸಮಯವಿಲ್ಲದಿದ್ದರೆ ಎರಡೂ ಹೆಸರು ಒಬ್ಬರದೇ ಎಂಬ ಪ್ರಮಾಣಪತ್ರ ಒಪ್ಪುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ. ಆದಾಯ ಪ್ರಮಾಣಪತ್ರಕ್ಕೆ ಅವಧಿ ಇರುತ್ತದೆ. ಐಇಎಲ್‌ಟಿಎಸ್, ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗಳ ಅಂಕಗಳು ಎರಡು ವರ್ಷ ಮಾತ್ರ ಚಾಲ್ತಿಯಲ್ಲಿರುತ್ತವೆ.

ಅಂಕಗಳನ್ನು ಬೇರೆ ಪದ್ಧತಿಗೆ ನೀವೇ ಬದಲಿಸಿ ಬರೆಯಬೇಡಿ, ಕೇಳಿದ್ದರೆ ಮಾತ್ರ ಬರೆಯಿರಿ. ಆದರೆ ನಿಮ್ಮ ಸ್ಥಾನ ತಿಳಿಯಲು ಲೆಕ್ಕ ಗೊತ್ತಿರುವುದು ಒಳ್ಳೆಯದು. ಜರ್ಮನಿಯ ಹಲವು ವಿಶ್ವವಿದ್ಯಾಲಯಗಳು ಬಳಸುವ ಬವೇರಿಯನ್ ಸೂತ್ರ ಹೀಗಿದೆ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ, ಅದನ್ನು ಗರಿಷ್ಠ ಮತ್ತು ಪಾಸ್ ಅಂಕಗಳ ವ್ಯತ್ಯಾಸದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿ. 100ಕ್ಕೆ 76 ಅಂಕ, ಪಾಸಿಗೆ 40 ಎಂದಿಟ್ಟುಕೊಳ್ಳಿ. 24ನ್ನು 60ರಿಂದ ಭಾಗಿಸಿದರೆ 0.4, ಮೂರರಿಂದ ಗುಣಿಸಿದರೆ 1.2, ಒಂದು ಕೂಡಿಸಿದರೆ 2.2. ಅಲ್ಲಿ 1.0 ಅತ್ಯುತ್ತಮ, 4.0 ಪಾಸಿನ ಗೆರೆ. ಕೋರ್ಸಿಗೆ ಕನಿಷ್ಠ 2.5 ಬೇಕೆಂದಿದ್ದರೆ ನೀವು ಒಳಗಿದ್ದೀರಿ. ಪಾಸ್ ಅಂಕ 35 ಆಗಿದ್ದರೆ ಇದೇ 76ಕ್ಕೆ ಸುಮಾರು 2.1 ಬರುತ್ತದೆ. ಆದ್ದರಿಂದ ಪಾಸ್ ಅಂಕ ಎಷ್ಟು ಎಂಬುದು ಅಂಕಪಟ್ಟಿಯಲ್ಲಿ ಅಚ್ಚಾಗಿರದಿದ್ದರೆ ವಿಶ್ವವಿದ್ಯಾಲಯದಿಂದ ಪತ್ರ ತನ್ನಿ.

ಸ್ಕ್ಯಾನ್ ಮಾಡುವಾಗ ಅಂಕಪಟ್ಟಿಯ ಹಿಂಬದಿಯನ್ನೂ ಮಾಡಿ, ಗ್ರೇಡಿನ ವಿವರಣೆ ಇರುವುದು ಅಲ್ಲೇ. ಎಲ್ಲ ಸೆಮಿಸ್ಟರ್ ಸೇರಿ ಒಂದೇ ಪಿಡಿಎಫ್, ಹೇಳಿದ ಗಾತ್ರದೊಳಗೆ. ಅಪ್‌ಲೋಡ್ ಆದ ಮೇಲೆ ಪೋರ್ಟಲ್‌ನಿಂದಲೇ ಇಳಿಸಿಕೊಂಡು ತೆರೆದು ನೋಡಿ. ಮೊಬೈಲಿನಲ್ಲಿ ತೆಗೆದ, ಅರ್ಧ ನೆರಳು ಬಿದ್ದ ಫೋಟೋ ಪರಿಶೀಲಿಸುವವರ ಪರದೆಯಲ್ಲಿ ಕಪ್ಪು ಮಸಿಯಾಗಿ ಕಾಣುತ್ತದೆ.

ಶಿಫಾರಸು ಪತ್ರವನ್ನು ಆರು ವಾರ ಮೊದಲೇ ಕೇಳಿ. ದೊಡ್ಡ ಪದವಿಯಲ್ಲಿದ್ದು ನಿಮ್ಮ ಮುಖವನ್ನೇ ನೆನಪಿಟ್ಟುಕೊಳ್ಳದವರಿಗಿಂತ, ನಿಮ್ಮ ಪ್ರಾಜೆಕ್ಟನ್ನು ತಿದ್ದಿದ ಕಿರಿಯ ಅಧ್ಯಾಪಕರ ಪತ್ರ ಎಷ್ಟೋ ವಾಸಿ. ಕೇಳುವಾಗ ನಿಮ್ಮ ಬಯೋಡಾಟಾ, ಪ್ರಬಂಧದ ಕರಡು, ನಿಧಿಯವರು ಹುಡುಕುತ್ತಿರುವ ಗುಣಗಳ ಪಟ್ಟಿ, ಅವರ ಕಣ್ಣೆದುರಿಗೇ ನೀವು ಮಾಡಿದ ಎರಡು ಮೂರು ಕೆಲಸಗಳ ನೆನಪೋಲೆ ಕೊಡಿ. ಪೋರ್ಟಲ್‌ನಿಂದ ಅವರಿಗೆ ಹೋಗುವ ಮೇಲ್ ಸ್ಪ್ಯಾಮ್‌ಗೆ ಬೀಳುವುದು ಮಾಮೂಲು. ಕಳಿಸಿದ ದಿನವೇ ಫೋನ್ ಮಾಡಿ, ಗಡುವಿಗೆ ಹತ್ತು ದಿನ ಇರುವಾಗ ವಿನಯದಿಂದ ಇನ್ನೊಮ್ಮೆ ನೆನಪಿಸಿ. ಗೇಟ್ಸ್ ಕೇಂಬ್ರಿಡ್ಜ್‌ನಂಥವಕ್ಕೆ ಪ್ರವೇಶದ ಎರಡು ಶಿಫಾರಸುಗಳ ಮೇಲೆ ನಿಧಿಗೇ ಬೇರೊಂದು ಬೇಕು. ಅದು ಕೊನೆಯ ವಾರದಲ್ಲಿ ಕಣ್ಣಿಗೆ ಬಿದ್ದರೆ ಕಷ್ಟ.

ಪ್ರಬಂಧ

ಒಂದು ಪ್ರಬಂಧ ಬರೆದು ಹೆಸರು ಬದಲಿಸಿ ಎಲ್ಲರಿಗೂ ಕಳಿಸುವುದು ಕೆಲಸ ಮಾಡುವುದಿಲ್ಲ. ದುಡ್ಡು ಕೊಡುವವರಿಗೆ ತಮ್ಮದೇ ಉದ್ದೇಶವಿದೆ. ಚೀವ್ನಿಂಗ್ ನಾಯಕತ್ವ, ಸಂಪರ್ಕ ಬೆಳೆಸುವ ಶಕ್ತಿ, ಮುಂದಿನ ವೃತ್ತಿಯ ಯೋಜನೆಗಳನ್ನು ಬೇರೆಬೇರೆ ಪ್ರಶ್ನೆಗಳಾಗಿಯೇ ಕೇಳುತ್ತದೆ. ಆರ್ಥಿಕ ಅಗತ್ಯದ ಮೇಲೆ ಕೊಡುವ ಟ್ರಸ್ಟಿಗೆ ನಿಮ್ಮ ನಾಯಕತ್ವದ ಕಥೆ ಬೇಕಿಲ್ಲ, ಮನೆಯ ಆದಾಯ, ಓದುತ್ತಿರುವ ಮಕ್ಕಳೆಷ್ಟು, ಇರುವ ಸಾಲ, ನಿಮ್ಮ ಕೊರತೆ ಇವು ಅಂಕಿಯಲ್ಲಿ ಬೇಕು. ಕಣ್ಣೀರಿಗಿಂತ ಅಂಕಿಗೆ ಅಲ್ಲಿ ತೂಕ ಹೆಚ್ಚು.

ದುರ್ಬಲ ವಾಕ್ಯ ಹೇಗಿರುತ್ತದೆ ನೋಡಿ: ‘ಬಾಲ್ಯದಿಂದಲೂ ನನಗೆ ಪರಿಸರದ ಬಗ್ಗೆ ಅಪಾರ ಕಾಳಜಿ. ಸಮಾಜಕ್ಕೆ ಏನಾದರೂ ಮಾಡಬೇಕೆಂಬ ಹಂಬಲ.’ ಇದನ್ನು ಯಾರು ಬೇಕಾದರೂ ಬರೆಯಬಹುದು, ಬರೆದಿರುತ್ತಾರೆ ಕೂಡ. ಅದೇ ವಿದ್ಯಾರ್ಥಿ ಹೀಗೆ ಬರೆದರೆ: ‘ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ 12 ಕೊಳವೆಬಾವಿಗಳ ನೀರು ಪರೀಕ್ಷಿಸಿದೆ. ನಾಲ್ಕರಲ್ಲಿ ಫ್ಲೋರೈಡ್, ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೀಟರಿಗೆ 1.5 ಮಿಲಿಗ್ರಾಂ ಮಿತಿ ದಾಟಿತ್ತು. ಅದನ್ನು ಕಡಿಮೆ ಖರ್ಚಿನಲ್ಲಿ ತೆಗೆಯುವ ವಿಧಾನ ನನಗೆ ಗೊತ್ತಿರಲಿಲ್ಲ. ನಿಮ್ಮ ಕೋರ್ಸಿನ ಎರಡನೇ ಸೆಮಿಸ್ಟರಿನ ನೀರು ಶುದ್ಧೀಕರಣದ ಪ್ರಯೋಗಾಲಯಕ್ಕಾಗಿಯೇ ಅರ್ಜಿ ಹಾಕುತ್ತಿದ್ದೇನೆ.’ ಮಾಡಿದ ಕೆಲಸ, ತಿಳಿಯದೆ ನಿಂತ ಜಾಗ, ಅದಕ್ಕೆ ಈ ಕೋರ್ಸೇ ಏಕೆ ಎಂಬ ಮೂರೂ ನಾಲ್ಕು ವಾಕ್ಯದಲ್ಲಿ ಬಂದವು. ಸಂದರ್ಶನದಲ್ಲಿ ಕೇಳುವ ಪ್ರಶ್ನೆಗಳೂ ಇದರಿಂದಲೇ ಹುಟ್ಟುತ್ತವೆ. ಹಾಗಾಗಿ ಬರೆದದ್ದರ ಪ್ರತಿ ಅಂಕಿಯೂ ನಿಮಗೆ ಬಾಯಿಗೆ ಬರುವಂತಿರಬೇಕು. ಪದಮಿತಿಯನ್ನು ದಾಟಬೇಡಿ. ಕೆಲವು ಪೋರ್ಟಲ್‌ಗಳು ಮಿತಿ ದಾಟಿದ ಕಡೆಗೆ ವಾಕ್ಯವನ್ನೇ ಕತ್ತರಿಸಿಬಿಡುತ್ತವೆ.

ದುಡ್ಡು ಕೇಳುವವರು

ವಿದ್ಯಾರ್ಥಿವೇತನ ಕೊಡಿಸಲು ‘ಪ್ರೊಸೆಸಿಂಗ್ ಶುಲ್ಕ’, ‘ಖಚಿತ ಆಯ್ಕೆ’, ನೀವು ಅರ್ಜಿಯನ್ನೇ ಹಾಕದ ಕಡೆಯಿಂದ ‘ನೀವು ಆಯ್ಕೆಯಾಗಿದ್ದೀರಿ’ ಎಂಬ ಮೆಸೇಜು, ಒಟಿಪಿ ಕೇಳುವ ಕರೆ: ಇವು ಬಂದರೆ ಮಾತು ಮುಂದುವರಿಸಬೇಡಿ. ವಿಶ್ವವಿದ್ಯಾಲಯಗಳು ಪ್ರವೇಶದ ಅರ್ಜಿಗೆ ಶುಲ್ಕ ತೆಗೆದುಕೊಳ್ಳುವುದುಂಟು, ಅದು ಬೇರೆ. ಆ ಶುಲ್ಕವನ್ನೂ ಆರ್ಥಿಕ ಕಾರಣಕ್ಕೆ ಮನ್ನಾ ಮಾಡುವಂತೆ ಕೇಳಬಹುದು, ಬಹಳ ಕಡೆ ಅದಕ್ಕೊಂದು ಫಾರ್ಮೇ ಇದೆ.

ಪತ್ರ ಬಂದ ಮೇಲೆ

ಆಯ್ಕೆಯ ಪತ್ರ ಬಂದ ಖುಷಿಯಲ್ಲಿ ‘ಒಪ್ಪಿದೆ’ ಒತ್ತುವ ಮೊದಲು ಷರತ್ತುಗಳನ್ನು ಪೂರ್ತಿ ಓದಿ. ಮುಂದಿನ ವರ್ಷಕ್ಕೆ ಮುಂದುವರಿಯಲು ಎಷ್ಟು ಸರಾಸರಿ ಅಂಕ ಬೇಕು? ಒಂದು ವಿಷಯ ಕೈಬಿಟ್ಟರೆ ಪೂರ್ಣಾವಧಿ ವಿದ್ಯಾರ್ಥಿ ಎಂಬ ಸ್ಥಾನ ಹೋಗಿ ನೆರವೂ ನಿಲ್ಲುತ್ತದೆಯೇ? ನಡುವೆ ಓದು ಬಿಟ್ಟರೆ ವಾಪಸು ಕಟ್ಟಬೇಕೇ? ಚೀವ್ನಿಂಗ್ ಪಡೆದವರು ಓದು ಮುಗಿದ ಮೇಲೆ ಕನಿಷ್ಠ ಎರಡು ವರ್ಷ ತಮ್ಮ ದೇಶಕ್ಕೆ ಮರಳಿರಬೇಕು. ಫುಲ್‌ಬ್ರೈಟ್‌ನಲ್ಲಿ ಅಮೆರಿಕಕ್ಕೆ ಹೋದವರಿಗೂ ವೀಸಾದ ಮೂಲಕ ಎರಡು ವರ್ಷದ ಇಂಥದೇ ಕಟ್ಟು ಇದೆ. ಓದು ಮುಗಿಸಿ ಅಲ್ಲೇ ಕೆಲಸ ಹುಡುಕುವ ಯೋಚನೆ ಇದ್ದವರು ಇದನ್ನು ಮೊದಲೇ ತೂಗಿ ನೋಡಬೇಕು.

ಎರಡು ನೆರವು ಸಿಕ್ಕರೆ ಎರಡೂ ಉಳಿಯುತ್ತವೆ ಎಂದೇನಿಲ್ಲ. ಹೊರಗಿನಿಂದ ಬಂದಷ್ಟನ್ನು ವಿಶ್ವವಿದ್ಯಾಲಯ ತನ್ನ ನೆರವಿನಿಂದ ಕಡಿತ ಮಾಡುವ ಪದ್ಧತಿ ಅಮೆರಿಕದಲ್ಲಿ ಎಷ್ಟು ಸಾಮಾನ್ಯವೆಂದರೆ, ಮೇರಿಲ್ಯಾಂಡ್ ರಾಜ್ಯ 2017ರಲ್ಲಿ ತನ್ನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಇದನ್ನು ತಡೆಯಲು ಕಾನೂನೇ ಮಾಡಬೇಕಾಯಿತು. ಕಡಿತ ಅನಿವಾರ್ಯವಾದರೆ ಅದು ಸಾಲ ಅಥವಾ ಕ್ಯಾಂಪಸ್ ಕೆಲಸದ ಭಾಗದಿಂದ ಆಗಲಿ, ಉಚಿತ ನೆರವಿನಿಂದ ಬೇಡ ಎಂದು ಬರೆದು ಕೇಳಿ, ಒಪ್ಪುವ ಕಚೇರಿಗಳಿವೆ. ಅಮೆರಿಕದಲ್ಲಿ ಶುಲ್ಕ ಮತ್ತು ಕಡ್ಡಾಯ ಪುಸ್ತಕಕ್ಕೆ ಹೋಗುವ ಹಣಕ್ಕೆ ಆದಾಯ ತೆರಿಗೆ ಇಲ್ಲ, ವಸತಿ ಊಟಕ್ಕೆ ಕೊಡುವ ಭಾಗಕ್ಕೆ ಇದೆ. ಹೊರದೇಶದ ವಿದ್ಯಾರ್ಥಿಗಳಿಗೆ ಆ ಭಾಗದಿಂದ ಸಾಮಾನ್ಯವಾಗಿ ಶೇ. 14 ಹಿಡಿದುಕೊಂಡೇ ಕೊಡುತ್ತಾರೆ. ತಿಂಗಳ ಲೆಕ್ಕದಲ್ಲಿ ಇದನ್ನು ಕಳೆದು ನೋಡಿ.

ಮೊದಲ ಕಂತು ಯಾವಾಗ ಬರುತ್ತದೆ ಎಂದು ಕೇಳಿ. ಬಹಳ ಕಡೆ ಅಲ್ಲಿ ಹೋಗಿ, ನೋಂದಣಿ ಮಾಡಿಸಿ, ಬ್ಯಾಂಕ್ ಖಾತೆ ತೆರೆದ ಮೇಲೆಯೇ ಭತ್ಯೆ ಶುರು. ಬಾಡಿಗೆ ಮನೆಯ ಮುಂಗಡ, ಮೊದಲ ತಿಂಗಳ ಊಟ ಎಲ್ಲ ಕೈಯಿಂದಲೇ ಹೋಗುತ್ತದೆ. ಒಂದೂವರೆ ಎರಡು ತಿಂಗಳ ಖರ್ಚನ್ನು ಬೇರೆಯಾಗಿ ಕೂಡಿಡದೆ ಹೊರಡಬೇಡಿ.

ಸಿಗದಿದ್ದರೆ ಕಾರಣ ಕೇಳಿ ಒಂದು ಸಣ್ಣ ಮೇಲ್ ಹಾಕಿ. ಎಲ್ಲರೂ ಉತ್ತರಿಸುವುದಿಲ್ಲ, ಉತ್ತರ ಬಂದರೆ ಮುಂದಿನ ಅರ್ಜಿಗೆ ಬಂಗಾರ. ಈಗಾಗಲೇ ಸೇರಿದ್ದವರು ಮೊದಲ ವರ್ಷದ ಫಲಿತಾಂಶ ಬಂದ ಕೂಡಲೇ ವಿಭಾಗದ ಕಚೇರಿಗೆ ಹೋಗಿ, ಓದುತ್ತಿರುವವರಿಗೆಂದೇ ಇರುವ ದತ್ತಿ ಬಹುಮಾನ, ಪ್ರವಾಸ ನೆರವು, ಸಂಕಷ್ಟ ನಿಧಿಗಳ ಪಟ್ಟಿ ಕೇಳಬೇಕು. ಇವಕ್ಕೆ ಜಾಹೀರಾತು ಇರುವುದಿಲ್ಲ, ನೋಟಿಸ್ ಬೋರ್ಡಿನ ಮೂಲೆಯಲ್ಲಿ ಒಂದು ಹಾಳೆ ಅಂಟಿಸಿದ್ದರೆ ಹೆಚ್ಚು. ಹಿಂದಿನ ವರ್ಷ ಯಾರೂ ಅರ್ಜಿ ಹಾಕದೆ ಉಳಿದದ್ದು ಯಾವುದಾದರೂ ಇದೆಯೇ ಎಂದೂ ಕೇಳಿ ನೋಡಿ.